ಲಲಿತಳ ತೋಳಿನ ನೀಲಿ ಕಲೆಗಳು

ನಿಮಗೆ ಮೊದಲು ಹೇಗೆ ಗೊತ್ತಾಯ್ತು ಅಂತ ಆಸ್ಪತ್ರೆಯ ಬೆಂಚಿನ ಮೇಲೆ ಕೂತವರೆಲ್ಲ ಒಬ್ಬರನ್ನೊಬ್ಬರು ಕೇಳುತ್ತಾರೆ. ನನಗೆ ಗೊತ್ತಾದದ್ದು ಸ್ನಾನ ಮುಗಿಸಿ ಬನಿಯನ್ ಹಾಕಿಕೊಳ್ಳುವಾಗ. ನನ್ನ ಹೆಂಡತಿ ವಸಂತ ಬಚ್ಚಲ ಬಾಗಿಲಲ್ಲಿ ಟವೆಲ್ ಹಿಡಿದು ನಿಂತಿದ್ದಳು.

"ಇದೇನ್ರೀ ಬೆನ್ನ ಮೇಲೆ? ಎಲ್ಲಿ ಬಿದ್ರಿ?" ಅಂದಳು.

ನಾನು ಎಲ್ಲೂ ಬಿದ್ದಿರಲಿಲ್ಲ. ಕನ್ನಡಿಗೆ ಬೆನ್ನು ಮಾಡಿ ಕತ್ತು ತಿರುಗಿಸಿ ನೋಡಿದೆ. ಭುಜದ ಕೆಳಗೆ ಅಂಗೈ ಅಗಲದ ನೀಲಿ ಕಲೆ, ಅಂಚಿನಲ್ಲಿ ಹಳದಿ. ತೋಳಿನ ಒಳಭಾಗದಲ್ಲಿ ಇನ್ನೂ ಎರಡು. ಒತ್ತಿದರೆ ನೋವಿಲ್ಲ. ಒಂದು ವಾರದಿಂದ ಹಲ್ಲುಜ್ಜುವಾಗ ಒಸಡಿನಲ್ಲಿ ರಕ್ತ ಬರುತ್ತಿತ್ತು. ಗುಡ್ಡ ಹತ್ತಿದರೆ ಎದೆ ಡವಡವ ಅನ್ನುತ್ತಿತ್ತು. ವಯಸ್ಸಾಯ್ತು ಅಂದುಕೊಂಡಿದ್ದೆ. ಆಗ ನನಗೆ ಮೂವತ್ತೆಂಟು.

ಇಂಥವೇ ಕಲೆಗಳನ್ನು ತಿಂಗಳ ಹಿಂದೆ ಇನ್ನೊಬ್ಬರ ತೋಳಿನ ಮೇಲೆ ನೋಡಿದ್ದೆ.

ನಾನಾಗ ಮೂಡಿಗೆರೆ ತಾಲ್ಲೂಕಿನ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಬೆಳಿಗ್ಗೆ ಹಾಜರಿ ಕರೆಯುವುದು, ಯಾರು ಯಾವ ಕೆಲಸಕ್ಕೆ ಎಲ್ಲಿಗೆ ಹೋಗಬೇಕೆಂದು ಹೇಳುವುದು, ಅದನ್ನೆಲ್ಲ ಪುಸ್ತಕದಲ್ಲಿ ಬರೆದಿಡುವುದು, ಗೊಬ್ಬರ ಔಷಧಿಗಳ ಉಸ್ತುವಾರಿ, ಇವು ನನ್ನ ಕೆಲಸ. ತೋಟದ ಕೆಲಸದವರು ಇರುವ ಮನೆಗಳ ಸಾಲಿಗೆ ಲೈನ್ ಅನ್ನುತ್ತೇವೆ. ಆ ಲೈನಿನ ಮೂರನೇ ಮನೆಯಲ್ಲಿ ಲಲಿತ, ಅವಳ ಗಂಡ ಶೀನ, ಅವರ ಏಳು ವರ್ಷದ ಮಗಳು ಪುಷ್ಪ ಇದ್ದರು. ಘಟ್ಟದ ಕೆಳಗೆ ಬೆಳ್ತಂಗಡಿ ಕಡೆಯಿಂದ ಬಂದವರು.

ಆ ವರ್ಷಗಳ ಕಥೆ ಸ್ವಲ್ಪ ಹೇಳಬೇಕು. ತೊಂಬತ್ತರ ದಶಕದ ನಡುವಿನಲ್ಲಿ ಕಾಫಿಗೆ ಹಿಂದೆಂದೂ ಕಾಣದ ರೇಟು ಬಂತು. ಬಿಸಿಲು ಹೆಚ್ಚು ಬಿದ್ದರೆ ಫಸಲು ಹೆಚ್ಚು ಅಂತ ಎಲ್ಲರೂ ನೆರಳಿನ ಮರಗಳನ್ನು ತೆಗೆಸಿದರು. ನಮ್ಮ ತೋಟದಲ್ಲಿ ಕಡಿಯಬೇಕಾದ ಮರಗಳಿಗೆ ಸುಣ್ಣದ ಗುರುತು ಹಾಕಿದವನು ನಾನೇ. ಅತ್ತಿ, ಬಸರಿ, ನೇರಳೆ, ಒಂದೊಂದು ಮರವೂ ನನ್ನ ಅಜ್ಜನಿಗಿಂತ ಹಿರಿಯದು. ಎರಡು ವರ್ಷ ಗಿಡಗಳು ಬಾಗುವಷ್ಟು ಕಾಯಿ ಹಿಡಿದವು. ಆಮೇಲೆ ಬೋರರ್ ಬಂತು. ಅರೇಬಿಕಾ ಗಿಡದ ಕಾಂಡ ಕೊರೆದು ಒಳಗೇ ಕೂರುವ ಹುಳ. ಎಲೆ ಹಳದಿಯಾಗುತ್ತದೆ, ಒಂದು ದಿನ ಕೈಯಲ್ಲಿ ಎಳೆದರೆ ಗಿಡ ಲಟ್ಟನೆ ಮುರಿದು ಬರುತ್ತದೆ. ಅದಕ್ಕೆ ಔಷಧಿಯೆಂದರೆ ಲಿಂಡೇನ್. ವರ್ಷಕ್ಕೆ ಎರಡು ಸಲ ಕಾಂಡದ ತೊಗಟೆ ಉಜ್ಜಿ, ಬಕೆಟ್ಟಿನಲ್ಲಿ ಔಷಧಿ ಕಲಸಿ, ಬಟ್ಟೆಯಲ್ಲಿ ಅದ್ದಿ ಕಾಂಡಕ್ಕೆ ಬಳಿಯಬೇಕು. ಬಗ್ಗಿ ಮಾಡುವ ಕೆಲಸ, ಹಾಗಾಗಿ ಹೆಂಗಸರಿಗೆ.

ಮೊದಲ ವರ್ಷ ಹೆಂಗಸರು ಬಕೆಟ್ಟಿನ ಸುತ್ತ ನಿಂತು ಹಿಂದೆಮುಂದೆ ನೋಡಿದರು. ವಾಸನೆ ಮೂಗಿಗೆ ಹೊಡೆಯುತ್ತಿತ್ತು.

"ಇದು ಕೈಗೆ ಏನಾದ್ರೂ ಆಗ್ತದಾ ರೈಟ್ರೇ?" ಅಂತ ಕೇಳಿದ್ದು ಲಲಿತ.

ನಾನು ಅಂಗಿಯ ತೋಳು ಮಡಚಿ, ಮೊಣಕೈವರೆಗೆ ಬಕೆಟ್ಟಿನಲ್ಲಿ ಮುಳುಗಿಸಿ ಕಲಸಿ ತೋರಿಸಿದೆ. "ನೋಡಿ, ಏನಾಯ್ತು? ಸೋಪಿನ ನೀರಿದ್ದ ಹಾಗೆ. ನಡೀರಿ, ನಡೀರಿ" ಅಂದೆ.

ಅವಳು ನಕ್ಕು ಬಟ್ಟೆ ಅದ್ದಿದಳು. ಉಳಿದವರೂ ಅದ್ದಿದರು.

ಎರಡು ವರ್ಷದ ಮೇಲೆ ಒಂದು ಬೆಳಿಗ್ಗೆ ಹಾಜರಿಯಲ್ಲಿ ಲಲಿತಳ ತೋಳು ನೋಡಿದೆ. ಎರಡೂ ತೋಳಿನಲ್ಲಿ ಬೆರಳಚ್ಚಿನಂಥ ನೀಲಿ ಕಲೆಗಳು, ಕುತ್ತಿಗೆಯ ಹತ್ತಿರ ಇನ್ನೊಂದು. ಮುಖ ಬಿಳಿಚಿತ್ತು. ಹೆಂಗಸರು ಆಗಲೇ ಗುಸುಗುಸು ಅನ್ನುತ್ತಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಶೀನನನ್ನು ಎಲ್ಲರ ಎದುರಿಗೆ ಕರೆದೆ.

"ಹೆಂಗಸಿನ ಮೇಲೆ ಕೈ ಮಾಡ್ತೀಯಾ? ನಾಚಿಕೆ ಆಗಲ್ವಾ ನಿಂಗೆ? ಇನ್ನೊಂದು ಸಲ ಹೀಗಾದ್ರೆ ಲೈನಿನಿಂದ ಹೊರಗೆ ಹಾಕಿಸ್ತೀನಿ."

"ನಾನು ಹೊಡೆದದ್ದಲ್ಲ ರೈಟ್ರೇ. ದೇವರಾಣೆ" ಅಂದ. ಹಿಂದೆ ಯಾರೋ ಕಿಸಕ್ಕನೆ ನಕ್ಕರು.

ಲಲಿತ ಮುಂದೆ ಬಂದಳು. "ಇವರು ಹೊಡೆಯುವುದಿಲ್ಲ ರೈಟ್ರೇ. ಇದು ಸುಮ್ಮನೆ ಹಾಗೇ ಆಗ್ತದೆ" ಅಂದಳು. ಎಲ್ಲ ಹೆಂಗಸರೂ ಹೀಗೇ ಹೇಳುತ್ತಾರೆ ಅಂದುಕೊಂಡು ನಾನು ಮುಂದಿನ ಹೆಸರು ಕರೆದೆ. ಸುದ್ದಿ ಘಟ್ಟ ಇಳಿದು ಅವಳ ತಾಯಿಯ ಮನೆವರೆಗೂ ಹೋಯಿತಂತೆ. ಪೇಟೆಯ ಒಬ್ಬ ಡಾಕ್ಟರು ರಕ್ತ ಕಡಿಮೆ ಇದೆ ಅಂತ ಟಾನಿಕ್ ಬರೆದುಕೊಟ್ಟಿದ್ದರು. ಅವಳು ಅದನ್ನು ಕುಡಿದುಕೊಂಡು ಕೆಲಸಕ್ಕೆ ಬರುತ್ತಿದ್ದಳು.

ಈಗ ಅದೇ ಕಲೆಗಳು ನನ್ನ ಮೈಮೇಲಿದ್ದವು. ನನ್ನನ್ನು ಯಾರೂ ಹೊಡೆದಿರಲಿಲ್ಲ.

ಮೂಡಿಗೆರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದೆವು. ರಿಪೋರ್ಟು ನೋಡಿದ ಡಾಕ್ಟರು ಕನ್ನಡಕ ತೆಗೆದಿಟ್ಟು, "ಇವತ್ತೇ ಮಂಗಳೂರಿಗೆ ಹೊರಡಿ. ಮನೆಗೆ ಹೋಗಿ ಬಟ್ಟೆ ತರೋದೂ ಬೇಡ" ಅಂದರು. ನಮ್ಮ ಎಸ್ಟೇಟಿನ ಗೌಡ್ರು ತಮ್ಮ ಜೀಪನ್ನು ತಾವೇ ಓಡಿಸಿಕೊಂಡು ಬಂದರು. ಚಾರ್ಮಾಡಿ ಘಾಟಿಯ ಪ್ರತಿ ತಿರುವಿನಲ್ಲೂ ವಸಂತ ನನ್ನ ತಲೆಯನ್ನು ಹಿಡಿದುಕೊಳ್ಳುತ್ತಿದ್ದಳು, ಎಲ್ಲಿ ಕಂಬಿಗೆ ತಗುಲಿ ರಕ್ತ ಬರುತ್ತದೋ ಅಂತ. ಆಸ್ಪತ್ರೆಯಲ್ಲಿ ರಕ್ತ ಬೇಕು ಅಂದಾಗ ಮೊದಲು ಅಂಗಿಯ ತೋಳು ಮಡಚಿದವರು ಗೌಡ್ರೇ.

ಅದಾದ ಮೇಲಿನದ್ದು ಕಾಯುವ ಕೆಲಸ. ರಕ್ತ ಕೊಟ್ಟು ಚೀಟಿಗೆ ಕಾಯುವುದು, ಚೀಟಿ ಬಂದರೆ ಡಾಕ್ಟರಿಗೆ ಕಾಯುವುದು. ಮಂಗಳೂರಿನ ಸೆಖೆಯಲ್ಲಿ ಕಾರಿಡಾರಿನ ಗೋಡೆ ಕೂಡ ಬೆವರುತ್ತಿತ್ತು. ಪಕ್ಕದ ಮಂಚದಲ್ಲಿ ಪದ್ಮನಾಭಣ್ಣ ಅಂತ ಒಬ್ಬರು ನಿವೃತ್ತ ಬಸ್ ಕಂಡಕ್ಟರು ಇದ್ದರು. ಅವರದ್ದೂ ರಕ್ತದ ಕಾಯಿಲೆಯೇ. ಸೊಂಟದ ಮೂಳೆಗೆ ಸೂಜಿ ಚುಚ್ಚಿ ಒಳಗಿನ ಮಜ್ಜೆ ತೆಗೆಯುವ ದಿನ ನಾನು ಹೆದರಿ ಮಂಚದ ಕಂಬಿ ಹಿಡಿದುಕೊಂಡಿದ್ದೆ. ಪರದೆಯ ಆ ಕಡೆಯಿಂದ ಅವರು ಕೇಳಿದರು, "ನಿಮ್ಮ ಊರು ಯಾವುದು ಮಾರಾಯ್ರೆ?"

"ಮೂಡಿಗೆರೆ."

"ನನ್ನದೇ ರೂಟು! ಹತ್ತಿ, ಹತ್ತಿ. ರೈಟ್!" ಅಂದವರೇ ಶುರು ಮಾಡಿದರು. "ಬಿ.ಸಿ. ರೋಡ್... ಬಂಟ್ವಾಳ... ಬೆಳ್ತಂಗಡಿ... ಉಜಿರೆ, ಉಜಿರೆ ಇಳಿಯುವವರು ಮುಂದೆ ಬನ್ನಿ..." ಸೂಜಿ ಮೂಳೆಗೆ ತಾಗಿದಾಗ ನಾವು ಘಾಟಿ ಹತ್ತುತ್ತಿದ್ದೆವು. "ಕೊಟ್ಟಿಗೆಹಾರ ಬಂತು, ಚಾ ಕುಡಿಯುವವರಿಗೆ ಹತ್ತೇ ನಿಮಿಷ." ನಾನು ಅಳುತ್ತ ನಕ್ಕೆ. ನರ್ಸು ಕೂಡ ನಕ್ಕಳು. ಆ ಕಾಯಿಲೆಯ ಕಾಲದಲ್ಲಿ ನನಗೆ ಸಿಕ್ಕ ದೊಡ್ಡ ದಯೆಗಳಲ್ಲಿ ಅದೂ ಒಂದು. ಎರಡು ವಾರದ ಮೇಲೆ ಒಂದು ಮಧ್ಯಾಹ್ನ ನಾನು ಎಕ್ಸ್‌ರೇ ಮುಗಿಸಿ ಬರುವಷ್ಟರಲ್ಲಿ ಅವರ ಮಂಚದ ಹಾಸಿಗೆ ಮಡಚಿಟ್ಟಿತ್ತು.

ನನ್ನ ಮಜ್ಜೆ ರಕ್ತ ಮಾಡುವುದನ್ನು ಹೆಚ್ಚುಕಡಿಮೆ ನಿಲ್ಲಿಸಿಬಿಟ್ಟಿದೆ ಅಂತ ಹೇಳಿದವರು ರಕ್ತದ ಕಾಯಿಲೆಗಳ ಡಾಕ್ಟರಮ್ಮ. ಐವತ್ತರ ಹತ್ತಿರದವರು, ಕುಳ್ಳಗೆ, ಯಾವಾಗಲೂ ರೋಗಿಯ ಮಂಚದ ಮೇಲೇ ಕೂತು ಮಾತಾಡುವವರು. ನಾನು ಆಸ್ಪತ್ರೆ ಸೇರಿ ಐದನೇ ದಿನ ಅವರು ಒಂದು ಪುಸ್ತಕ ಹಿಡಿದು ಬಂದರು.

"ಏನು ಕೆಲಸ ಮಾಡ್ತೀರಿ?"

"ಎಸ್ಟೇಟಿನಲ್ಲಿ ರೈಟರ್."

"ಔಷಧಿ ಎಲ್ಲ ಮುಟ್ತೀರಾ? ಹುಳಕ್ಕೆ ಹಾಕೋದು?"

"ಎಲ್ಲರೂ ಮುಟ್ಟೋ ಹಾಗೆ" ಅಂದೆ.

ಅವರು ಬರೆದುಕೊಂಡರು. ಆಮೇಲೆ ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. "ನಿಮ್ಮ ತೋಟದಲ್ಲಿ ಬೇರೆ ಯಾರಿಗಾದ್ರೂ ಹೀಗೆ ಕಲೆ, ಸುಸ್ತು, ರಕ್ತ ಬರೋದು ಇದೆಯಾ? ಯೋಚನೆ ಮಾಡಿ ಹೇಳಿ."

ಬಾಗಿಲ ಆಚೆ ಕಾರಿಡಾರಿನ ಬೆಂಚು ಕಾಣುತ್ತಿತ್ತು. ಅವತ್ತು ಬೆಳಿಗ್ಗೆ ನನಗೆ ರಕ್ತ ಕೊಡಲು ಲೈನಿನಿಂದ ಆರು ಜನರನ್ನು ಗೌಡ್ರು ಜೀಪಿನಲ್ಲಿ ಕಳಿಸಿದ್ದರು. ಶೀನ ಅವರಲ್ಲಿ ಒಬ್ಬ. ಮೊಣಕೈಯಲ್ಲಿ ಹತ್ತಿ ಒತ್ತಿಹಿಡಿದು ಅವನು ಆ ಬೆಂಚಿನ ಮೇಲೆ ಕೂತಿದ್ದ. ನಾನು ಅವನನ್ನು ನೋಡಿದೆ. ಗೌಡ್ರ ಜೀಪು, ಗೌಡ್ರ ರಕ್ತ ನೆನಪಾಯಿತು. ನನ್ನ ಬಾಯಿಂದ ತೋಟದ ಹೆಸರು ಕೆಟ್ಟರೆ? ಮೊಣಕೈವರೆಗೆ ಮುಳುಗಿಸಿ ತೋರಿಸಿದವನು ನಾನೇ ಅಂತ ಹೊರಬಂದರೆ? ಇಷ್ಟೆಲ್ಲ ಯೋಚಿಸುವುದಕ್ಕೆ ಎಷ್ಟು ಹೊತ್ತು ಬೇಕು? ಒಂದು ಉಸಿರಿನಷ್ಟು.

"ಇಲ್ಲ" ಅಂದೆ.

ಡಾಕ್ಟರಮ್ಮ ಪುಸ್ತಕ ಮುಚ್ಚಿದರು. ಶೀನ ಎದ್ದು ಬಾಗಿಲ ಹತ್ತಿರ ಬಂದು, "ಹುಷಾರಾಗಿ ಬನ್ನಿ ರೈಟ್ರೇ" ಅಂತ ಹೇಳಿ ಜೀಪು ಹತ್ತಲು ಹೋದ.

ಆಮೇಲೆ ಜ್ವರ ಬಂತು. ಬಿಳಿ ರಕ್ತಕಣವಿಲ್ಲದ ಮೈಗೆ ಸಣ್ಣ ಜ್ವರವೂ ಯಮನೇ. ನನ್ನನ್ನು ಒಂದು ಪ್ರತ್ಯೇಕ ಕೋಣೆಗೆ ಹಾಕಿದರು. ಬಂದವರೆಲ್ಲ ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು, ಹೂವು ಹಣ್ಣು ಒಳಗೆ ತರಬಾರದು. ವಸಂತಳ ಕಣ್ಣು ಮಾತ್ರ ಕಾಣುತ್ತಿತ್ತು. ಹೊರನಾಡಿನಿಂದ ಅವಳಕ್ಕ ತಂದ ಪ್ರಸಾದವನ್ನು ಬಾಗಿಲ ಗಾಜಿನಾಚೆಯಿಂದ ತೋರಿಸಿ ತಾನೇ ತಿಂದಳು. ದಿನಾ ಮಂಚದ ಪಕ್ಕ ಕೂತು ಮನೆಯ ಸುದ್ದಿ ಹೇಳುತ್ತಿದ್ದಳು. ನಾನು ಕೇಳಿಸಿಕೊಳ್ಳುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಲಲಿತಳ ತೋಳು ಬರುತ್ತಿತ್ತು.

ಒಂದು ಬೆಳಿಗ್ಗೆ ತಡೆಯಲಾಗದೆ ಎಲ್ಲವನ್ನೂ ಹೇಳಿದೆ. ವಸಂತ ಬಾಯಿಗೆ ಕಟ್ಟಿದ ಬಟ್ಟೆಯನ್ನು ಕೆಳಗೆಳೆದಳು. ಅಷ್ಟು ದಿನಗಳಲ್ಲಿ ಅವಳ ಪೂರ್ತಿ ಮುಖ ಕಂಡದ್ದು ಅವತ್ತೇ.

"ನಿಮಗಾದದ್ದೇ ಅವಳಿಗೂ ಆಗಿದ್ರೆ? ಎಷ್ಟು ದಿನ ಆಯ್ತು ಅವರು ಕೇಳಿ?"

"ಹದಿನೆಂಟು."

ಅವಳು ನನ್ನನ್ನು ಬೈಯಲಿಲ್ಲ. ಎದ್ದು ಹೋಗಿ ಡಾಕ್ಟರಮ್ಮನನ್ನು ಕರೆದುಕೊಂಡು ಬಂದಳು. ನಾನು ಹೇಳಿದೆ. ಡಾಕ್ಟರಮ್ಮ ಪೂರ್ತಿ ಕೇಳುವ ಮೊದಲೇ, "ಫೋನ್ ಮಾಡಿ. ಆ ಹೆಂಗಸನ್ನ ಇವತ್ತೇ ಇಲ್ಲಿಗೆ ಕರೆಸಿ" ಅಂದರು. ವಸಂತ ಆಸ್ಪತ್ರೆಯ ಎದುರಿನ ಎಸ್‌ಟಿಡಿ ಬೂತಿಗೆ ಓಡಿದಳು. ಕಿಟಕಿಯಿಂದ ನೋಡುತ್ತಿದ್ದೆ. ಬೂತಿನ ಗಾಜಿನ ಬಾಗಿಲೊಳಗೆ ಅವಳು ಫೋನು ಹಿಡಿದು ನಿಂತಿದ್ದಳು, ಆಮೇಲೆ ಸ್ಟೂಲಿನ ಮೇಲೆ ಕೂತಳು. ಅವಳು ಕೂತ ರೀತಿಯಲ್ಲೇ ಗೊತ್ತಾಯಿತು.

ಲಲಿತ ತೀರಿಕೊಂಡು ನಾಲ್ಕು ದಿನವಾಗಿತ್ತು. ಮೂಗಿನಿಂದ ಶುರುವಾದ ರಕ್ತ ನಿಲ್ಲಲಿಲ್ಲ. ಜೀಪು ಸಿಕ್ಕಿ ಆಸ್ಪತ್ರೆಗೆ ಹೊರಟರೂ ದಾರಿಯಲ್ಲೇ ಹೋದಳಂತೆ. ಕಾಯಿಲೆಯವನಿಗೆ ಹೇಳಬಾರದು ಅಂತ ನಮಗೆ ಯಾರೂ ತಿಳಿಸಿರಲಿಲ್ಲ.

ನನ್ನ ಸುಳ್ಳಿಗೂ ಅವಳ ಸಾವಿಗೂ ನಡುವೆ ಹದಿನಾಲ್ಕು ದಿನ ಇತ್ತು. ಬಂದಿದ್ದರೂ ಉಳಿಯುತ್ತಿದ್ದಳೋ ಇಲ್ಲವೋ ಯಾರಿಗೂ ಗೊತ್ತಿಲ್ಲ ಅಂತ ಡಾಕ್ಟರಮ್ಮ ಆಮೇಲೆ ನನಗೆ ಎಷ್ಟೋ ಸಲ ಹೇಳಿದ್ದಾರೆ. ಅದು ನಿಜವಿರಬಹುದು. ಆದರೆ ಅವತ್ತು ಬೆಂಚಿನ ಮೇಲೆ ಅವಳ ಗಂಡ ಕೂತಿದ್ದ. ಕೂಗಿದರೆ ಕೇಳುವಷ್ಟು ಹತ್ತಿರ.

ನನಗೆ ಮಾತ್ರ ಔಷಧಿ ಹಿಡಿಯಿತು. ಎಣ್ಣೆಯಂಥ ವಾಸನೆಯ ದಪ್ಪ ಮಾತ್ರೆಗಳು, ದಿನಕ್ಕೆ ಎರಡು ಹೊತ್ತು, ಒಂದೂವರೆ ವರ್ಷ. ಮುಖ, ಬೆನ್ನು, ಕಿವಿಯ ಮೇಲೆಲ್ಲ ಕೂದಲು ಬೆಳೆಯಿತು. ಒಸಡು ಊದಿ ಹಲ್ಲಿನ ಮೇಲೆ ಬಂತು. ಕೈ ನಡುಗಿ ನನ್ನ ಅಕ್ಷರ ನನಗೇ ಓದಲಾಗುತ್ತಿರಲಿಲ್ಲ. ಮನೆಗೆ ಬಂದ ಮೇಲೆ ವಸಂತ ಕುಡಿಯುವ ನೀರಿನಿಂದ ಹಿಡಿದು ಚಟ್ನಿಯವರೆಗೆ ಎಲ್ಲವನ್ನೂ ಕುದಿಸಿದಳು. "ಇನ್ನು ನಿಮ್ಮನ್ನೊಂದು ಕುದಿಸೋದು ಬಾಕಿ" ಅಂತ ಒಂದು ದಿನ ಅಂದು ತಾನೇ ನಕ್ಕಳು. ನಮ್ಮ ಕಿಟಕಿಯಿಂದ ಲೈನಿನ ಮೂರನೇ ಮನೆ ಕಾಣುತ್ತದೆ. ಶೀನ ಒಬ್ಬನೇ ಒಲೆ ಹಚ್ಚುತ್ತಿದ್ದ. ಮಗಳು ಪುಷ್ಪಳನ್ನು ಲಲಿತಳ ತಾಯಿ ಬಂದು ಕರೆದುಕೊಂಡು ಹೋಗಿದ್ದರು. ಮಗಳನ್ನು ಹೊಡೆದು ಕೊಂದವನ ಮನೆಯಲ್ಲಿ ಮೊಮ್ಮಗಳನ್ನು ಬಿಡುವುದಿಲ್ಲ ಅಂದರಂತೆ. ಲೈನಿನವರೂ ಹಾಗೇ ನಂಬಿದ್ದರು. ಅವರು ನಂಬಿದ್ದು ನನ್ನ ಮಾತನ್ನು.

ಮತ್ತೆ ಕೆಲಸಕ್ಕೆ ಹೋಗತೊಡಗಿ ಕೆಲವು ತಿಂಗಳಾಗಿತ್ತು. ಒಂದು ದಿನ ಡಾಕ್ಟರಮ್ಮ ನಮ್ಮ ತೋಟಕ್ಕೇ ಬಂದರು. ಜೊತೆಯಲ್ಲಿ ಇಬ್ಬರಿದ್ದರು. ಒಬ್ಬರು ಕಾಫಿಯ ಹುಳಗಳ ಬಗ್ಗೆ ಓದಿದ ತೆಳ್ಳಗಿನ ಮೇಷ್ಟ್ರು, ಇನ್ನೊಬ್ಬಳು ಹೊಳೆಗಳಲ್ಲಿ ಮೀನು, ಏಡಿ, ಕಪ್ಪೆ ನೋಡುವ ಹುಡುಗಿ. ಘಟ್ಟದ ಮೇಲಿನಿಂದ ಬರುವ ರಕ್ತದ ರೋಗಿಗಳ ಹೆಸರಿನ ಮುಂದೆ ಊರು, ಕೆಲಸ ಬರೆದಿಡುತ್ತ ಡಾಕ್ಟರಮ್ಮನಿಗೆ ಏನೋ ಅನುಮಾನ ಬಂದಿತ್ತು.

"ನಾನು ರಕ್ತ ಮಾತ್ರ ನೋಡ್ತೀನಿ, ಇವರು ಹುಳ ಮಾತ್ರ, ಇವಳು ಹೊಳೆ ಮಾತ್ರ" ಅಂದರು ನಮ್ಮ ಜಗಲಿಯಲ್ಲಿ ಕೂತು. "ಒಬ್ಬೊಬ್ಬರೇ ನೋಡಿದ್ರೆ ಅರ್ಧಂಬರ್ಧ ಕಾಣುತ್ತೆ. ಅದಕ್ಕೇ ಒಟ್ಟಿಗೆ ಬಂದ್ವಿ."

ಮೂವರೂ ಒಂದೇ ಮಾತಿನವರಲ್ಲ. ಔಷಧಿ ಬಿಟ್ಟರೆ ಸಣ್ಣ ಬೆಳೆಗಾರನ ತೋಟ ಉಳಿಯುವುದು ಹೇಗೆ ಅಂತ ಮೇಷ್ಟ್ರು ಕೇಳಿದರು. ಹೊಳೆ ಹೋದ ಮೇಲೆ ತೋಟ ಉಳಿದು ಏನು ಬಂತು ಅಂತ ಹುಡುಗಿ ಕೇಳಿದಳು. ಚಹಾ ಆರುವವರೆಗೆ ವಾದ ಮಾಡಿದರು. ಆಮೇಲೆ ಮೇಷ್ಟ್ರು ನನ್ನ ಕಡೆ ತಿರುಗಿ, "ಇಲ್ಲಿ ಬೋರರ್ ಇಷ್ಟು ಜೋರಾಗಿದ್ದು ಯಾವಾಗಿಂದ?" ಅಂದರು.

"ನೆರಳು ತೆಗೆಸಿ ಎರಡು ವರ್ಷದ ಮೇಲೆ."

"ಹೌದಲ್ವಾ. ಕಾಂಡಕ್ಕೆ ಬಿಸಿಲು ಬಿದ್ರೆ ಆ ಹುಳಕ್ಕೆ ಹಬ್ಬ."

ನಾನು ಸುಣ್ಣದ ಬಕೆಟ್ಟು ಹಿಡಿದು ತೋಟ ಸುತ್ತಿದ್ದನ್ನು ಹೇಳಿದೆ. ಮರ ಹೋಯಿತು, ಬಿಸಿಲು ಬಂತು, ಹುಳ ಬಂತು, ಹುಳಕ್ಕೆ ಔಷಧಿ ಬಂತು. ಇದನ್ನೆಲ್ಲ ಬಿಡಿಬಿಡಿಯಾಗಿ ನಾನು ಬಲ್ಲೆ, ನನ್ನ ಪುಸ್ತಕದಲ್ಲೇ ಬೇರೆ ಬೇರೆ ಪುಟಗಳಲ್ಲಿ ಬರೆದಿದ್ದೇನೆ. ಒಟ್ಟಿಗೆ ಕೇಳಿದ್ದು ಅವತ್ತೇ. ಅತ್ತಿಯ ಮರವೆಲ್ಲಿ, ನನ್ನ ಸೊಂಟದ ಮೂಳೆಯೆಲ್ಲಿ?

ಹುಡುಗಿಯನ್ನು ಹೊಳೆಗೆ ಕರೆದುಕೊಂಡು ಹೋದೆ. ಹೆಂಗಸರು ಬಕೆಟ್ಟು ತೊಳೆಯುತ್ತಿದ್ದ, ಹೊಳೆಯ ನೀರು ನಿಲ್ಲುವ ಗುಂಡಿ ಅದು. ಲಲಿತ ಅಲ್ಲೇ ಕೈಕಾಲು ತೊಳೆದು, ಕೂದಲು ಒದ್ದೆ ಮಾಡಿಕೊಂಡು ಬರುತ್ತಿದ್ದಳು. ಮೊದಲು ಅಲ್ಲಿ ಕಲ್ಲೆತ್ತಿದರೆ ಏಡಿ ಓಡುತ್ತಿತ್ತು. ಹುಡುಗಿ ಸೀರೆ ಎತ್ತಿಕಟ್ಟಿ ನೀರಿಗಿಳಿದು ಕಲ್ಲಿನ ಮೇಲೆ ಕಲ್ಲು ಎತ್ತಿದಳು. ನಾನು ದಡದಲ್ಲಿ ನಿಂತು ಪ್ರತಿ ಕಲ್ಲಿಗೂ ಈಗ ಓಡುತ್ತದೆ, ಈಗ ಓಡುತ್ತದೆ ಅಂತ ಕಾಯುತ್ತಿದ್ದೆ. ಮೇಲಿನ ತಿರುವಿನಲ್ಲಿ, ಕಾಡಿನಿಂದ ನೀರು ಇಳಿಯುವ ಕಡೆ, ಎರಡು ಸಿಕ್ಕವು. ಗುಂಡಿಯಲ್ಲಿ ಒಂದೂ ಇರಲಿಲ್ಲ.

ಯಾವ ವರ್ಷ ಯಾರು ಎಷ್ಟು ದಿನ ಆ ಔಷಧಿ ಬಳಿದರು ಅನ್ನುವುದು ನನ್ನ ಹಾಜರಿ ಪುಸ್ತಕಗಳಲ್ಲಿತ್ತು. ಡಾಕ್ಟರಮ್ಮ ಅವನ್ನು ಕೇಳಿದರು. ಗೌಡ್ರನ್ನು ಕೇಳದೆ ಕೊಡುವ ಹಾಗಿರಲಿಲ್ಲ. ನಾನು ಬಂಗಲೆಗೆ ಹೋಗಿ ನಿಂತೆ. ಗೌಡ್ರು ಅಂಗಳದ ಕಡೆ ತಿರುಗಿದರು.

"ಹೆಸರು ಕೆಡುತ್ತಲ್ಲೋ" ಅಂದರು. "ಎಲ್ಲರೂ ಹಾಕಿದ್ದನ್ನೇ ನಾವು ಹಾಕಿದ್ದು. ನಾನೇನು ಬೇಕಂತ ಹಾಕಿಸಿದ್ನಾ?"

"ಇಲ್ಲ ಅಯ್ಯ. ಕೈ ಮುಳುಗಿಸಿ ತೋರಿಸಿದವನು ನಾನು."

ಅವರು ನನ್ನ ಮುಖ ನೋಡಿದರು. ಮಾತ್ರೆಯಿಂದ ಕಪ್ಪು ಕೂದಲು ಬೆಳೆದ ನನ್ನ ಕೆನ್ನೆ, ಊದಿದ ಒಸಡು. "ಕೊಡು" ಅಂದರು. "ಆದ್ರೆ ನನ್ನ ಕೇಳ್ಬೇಡ. ನಾನು ಹೇಳ್ದೆ ಅಂತ ಎಲ್ಲೂ ಬೇಡ." ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಪುಸ್ತಕ ಕೊಟ್ಟೆ.

ಸಂಜೆ ಮೂವರನ್ನೂ ಶೀನನ ಮನೆಗೆ ಕರೆದುಕೊಂಡು ಹೋದೆ. ಅವನು ಹೊಸಿಲಲ್ಲಿ ಕೂತು ಕತ್ತಿ ಮಸೆಯುತ್ತಿದ್ದ. ಮೇಷ್ಟ್ರು ತೋಟದ ಬಗ್ಗೆ ಕೇಳಿದರು, ಹುಡುಗಿ ಗುಂಡಿಯ ನೀರಿನ ಬಗ್ಗೆ ಕೇಳಿದಳು. ಅವನು ಹ್ಞೂಂ, ಉಹೂಂ ಅನ್ನುತ್ತಿದ್ದ. ಕೊನೆಗೆ ಕತ್ತಿ ಕೆಳಗಿಟ್ಟು ಕೇಳಿದ.

"ನೀವು ಏಡಿ ಲೆಕ್ಕ ಹಾಕ್ಲಿಕ್ಕೆ ಬಂದದ್ದಾ, ನನ್ನ ಹೆಂಡತಿ ಸತ್ತದ್ದು ಕೇಳ್ಲಿಕ್ಕೆ ಬಂದದ್ದಾ?"

ಹುಡುಗಿ ತಲೆ ತಗ್ಗಿಸಿದಳು. ಡಾಕ್ಟರಮ್ಮ ಅವನ ಪಕ್ಕ ಹೊಸಿಲ ಮೇಲೇ ಕೂತರು.

"ಎರಡಕ್ಕೂ. ಎರಡೂ ಒಂದೇ ಪ್ರಶ್ನೆ ಇರಬಹುದು ಅಂತ ನಮ್ಮ ಅನುಮಾನ. ಆದರೆ ಈ ಔಷಧಿಯಿಂದಲೇ ಆಯ್ತು ಅಂತ ನಾನು ಖಚಿತವಾಗಿ ಹೇಳೋ ಹಾಗಿಲ್ಲ. ಅವರನ್ನ ನಾನು ನೋಡಲೇ ಇಲ್ಲ."

"ಅದು ಬೇಡ ಡಾಕ್ಟ್ರೇ. ಯಾವುದರಿಂದ ಆದದ್ದು ಅಂತ ನಿಮ್ಮಲ್ಲೇ ಇರಲಿ" ಅಂದ ಶೀನ. "ನಾನು ಹೊಡೆದದ್ದಲ್ಲ ಅಂತ ಒಂದು ಕಾಗದದಲ್ಲಿ ಬರೆದುಕೊಡ್ತೀರಾ?"

ಅಂಥ ಕಾಗದ ಅವರು ಬರೆಯುವಂತಿರಲಿಲ್ಲ. ಈ ಕಾಯಿಲೆಯಲ್ಲಿ ಪೆಟ್ಟು ಬೀಳದೆಯೂ ಇಂಥ ಕಲೆಗಳು ಬರುತ್ತವೆ, ಅಷ್ಟು ಬರೆಯಬಹುದು ಅಂದರು. ಬರೆಯುತ್ತಿದ್ದಾಗ ನನಗೆ ಅರ್ಥವಾಯಿತು. ಉಳಿದರ್ಧ ಹೇಳಬೇಕಾದವನು ನಾನು. ಅವಮಾನ ಮಾಡಿದ್ದು ನನ್ನ ಬಾಯಿ.

ಮರುದಿನ ಹಾಜರಿಯಲ್ಲಿ ಹೆಸರು ಕರೆಯುವ ಮೊದಲು ಎಲ್ಲರನ್ನೂ ನಿಲ್ಲಲು ಹೇಳಿದೆ. ಅಂಗಿ ಬಿಚ್ಚಿದೆ. ಆ ವಾರ ಮಾತ್ರೆ ಕಡಿಮೆ ಮಾಡಿದ್ದರಿಂದ ತೋಳಿನಲ್ಲಿ ಹೊಸ ಕಲೆಗಳೆದ್ದಿದ್ದವು.

"ನೋಡಿ. ಲಲಿತಳಿಗಿದ್ದದ್ದೂ ಇಂಥವೇ. ನನ್ನನ್ನ ಯಾರೂ ಹೊಡೆದಿಲ್ಲ. ಅವಳನ್ನೂ ಶೀನ ಹೊಡೆದಿರಲಿಲ್ಲ. ಅವಳೇ ಹೇಳಿದ್ಲು, ನಾನು ಕೇಳ್ಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಇನ್ಯಾರಿಗಾದ್ರೂ ಇದೆಯಾ ಅಂದಾಗ ಇಲ್ಲ ಅಂತ ಸುಳ್ಳು ಹೇಳಿದೆ. ತಪ್ಪು ನನ್ನದು."

ಒಬ್ಬ ಮುದುಕಿ ಬಾಯಿಗೆ ಸೆರಗು ಒತ್ತಿಕೊಂಡಳು. ಡಾಕ್ಟರಮ್ಮನ ಕಾಗದವನ್ನೂ ಓದಿದೆ. ಶೀನ ನನ್ನ ಕಡೆ ನೋಡಲಿಲ್ಲ. ಓದಿ ಮುಗಿದ ಮೇಲೆ ಬಂದು ಕಾಗದ ಇಸಿದುಕೊಂಡು, ನಾಲ್ಕಾಗಿ ಮಡಚಿ ಜೇಬಿಗೆ ಹಾಕಿ, ಕೆಲಸಕ್ಕೆ ಹೋದ.

ಈ ಕಾಯಿಲೆಯಿರುವ ಯಾರಾದರೂ ಇದನ್ನು ಓದುತ್ತಿದ್ದರೆ ಹೇಳುತ್ತೇನೆ, ನನ್ನ ರಕ್ತ ಈಗ ಪೂರ್ತಿ ಸರಿಯಿಲ್ಲ, ಆದರೆ ಬದುಕಲು ಸಾಕಾಗುವಷ್ಟಿದೆ. ಆರು ತಿಂಗಳಿಗೊಮ್ಮೆ ಅದೇ ಕಾರಿಡಾರಿನಲ್ಲಿ ಕೂರುತ್ತೇನೆ. ನನಗೆ ಬಂದದ್ದು ಆ ಔಷಧಿಯಿಂದಲೇ ಅಂತ ಇವತ್ತಿಗೂ ಯಾರೂ ಖಚಿತವಾಗಿ ಹೇಳಿಲ್ಲ. ಡಾಕ್ಟರಮ್ಮ ಮತ್ತು ಅವರ ಜೊತೆಯವರು ಇನ್ನೂ ಹುಡುಕುತ್ತಿದ್ದಾರೆ. ಗೌಡ್ರು ಆ ಔಷಧಿ ತರಿಸುವುದನ್ನು ಬಿಟ್ಟು ಖಾಲಿ ಜಾಗದಲ್ಲಿ ಅತ್ತಿ, ಹಲಸು ನೆಡಿಸಿದ್ದಾರೆ. ಅವು ನೆರಳು ಕೊಡುವ ಹೊತ್ತಿಗೆ ನಾವಿರುವುದಿಲ್ಲ. ಡಾಕ್ಟರು ಕೇಳಿದರೆ ಮುಟ್ಟಿದ್ದು, ಕುಡಿದದ್ದು, ನೋಡಿದ್ದು, ಎಲ್ಲವನ್ನೂ ಹೇಳಿಬಿಡಿ. ನಿಮ್ಮ ಪಕ್ಕದ ಮನೆಯವರ ಬಗ್ಗೆ ಕೇಳಿದರೂ ಹೇಳಿ. ಇದನ್ನು ಬರೆದದ್ದೇ ಅದಕ್ಕೆ.

ಹಾಜರಿಯಲ್ಲಿ ಹಾಗೆ ಹೇಳಿ ಎರಡು ವಾರವಾಗಿತ್ತು. ಒಂದು ಭಾನುವಾರ ಬೆಳಿಗ್ಗೆ ಶೀನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಮ್ಮ ಮನೆಗೆ ಬಂದ.

"ಅತ್ತೆಯ ಮನೆಗೆ ಹೋಗ್ಲಿಕ್ಕುಂಟು. ಕಾಗದ ನಾನು ಓದಿದ್ರೆ ನಂಬುವುದಿಲ್ಲ. ನೀವು ಬರ್ತೀರಾ?"

ಬಸ್ಸಿನಲ್ಲಿ ಘಟ್ಟ ಇಳಿದೆವು. ಲಲಿತಳ ತಾಯಿ ಕಮಲಕ್ಕ ಜಗಲಿಯಲ್ಲಿ ಕಾಲು ಚಾಚಿ ಬೀಡಿ ಕಟ್ಟುತ್ತಿದ್ದರು. ಅಳಿಯನನ್ನು ಕಂಡು ಮುಖ ತಿರುಗಿಸಿದರು. ನಾನು ಯಾರೆಂದು ಹೇಳಿ, ಕಾಗದ ಓದಿ, ಉಳಿದದ್ದನ್ನೂ ಹೇಳಿದೆ. ಬೆಂಚಿನ ವಿಷಯ, ಹದಿನೆಂಟು ದಿನದ ವಿಷಯ, ಏನನ್ನೂ ಬಿಡಲಿಲ್ಲ. ಅವರ ಬೆರಳು ಎಲೆ ಸುತ್ತುತ್ತಲೇ ಇತ್ತು. ಒಂದು ಹಂತದಲ್ಲಿ ನಿಂತಿತು.

"ಇವನು ನನ್ನ ಮಗಳಿಗೆ ಹೊಡೆಯಲಿಲ್ವಾ?"

"ಇಲ್ಲಮ್ಮ."

"ದಿನಾ ದೀಪ ಹಚ್ಚುವಾಗ ಇವನಿಗೆ ಶಾಪ ಹಾಕಿದ್ದೇನೆ ರೈಟ್ರೇ. ಒಂದು ದಿನ ಬಿಟ್ಟದ್ದಿಲ್ಲ. ಅದನ್ನು ಇನ್ನು ಹೇಗೆ ವಾಪಸ್ಸು ತೆಗೆದುಕೊಳ್ಳುವುದು?"

ಅವರ ಮಡಿಲಿನ ಮೊರದಲ್ಲಿದ್ದ ಎಲೆಗಳ ಮೇಲೆ ಕಣ್ಣೀರು ಬಿತ್ತು. ಶೀನ ಅಂಗಳದಲ್ಲಿ ನಿಂತೇ ಇದ್ದ. ಕಮಲಕ್ಕ ಕೈ ಒರೆಸಿಕೊಂಡು ಎದ್ದು, "ಒಳಗೆ ಬಾ. ಗಂಜಿ ಉಂಟು" ಅಂದರು.

ಬಡಿಸಿದ್ದು ಪುಷ್ಪ. ಎತ್ತರಕ್ಕೆ ಬೆಳೆದಿದ್ದಳು, ಲಲಿತಳದೇ ಹಣೆ. ನನಗೆ ಬಡಿಸುವಾಗ ಹತ್ತಿರ ಬಂದವಳು ಅಪ್ಪನಿಗೆ ದೂರದಿಂದಲೇ ಕೈ ಚಾಚಿ ಸೌಟು ಬಗ್ಗಿಸಿದಳು. ಅವನು ಒಂದು ತುತ್ತೂ ತಿನ್ನದೆ ಬಟ್ಟಲ ಮೇಲೆ ಬಗ್ಗಿಕೊಂಡಿದ್ದ. ಅವಳು ಬಾಗಿಲ ಹಿಂದೆ ನಿಂತು ಅವನ ಬಟ್ಟಲನ್ನೇ ನೋಡುತ್ತಿದ್ದಳು. ಆಮೇಲೆ ಬಂದು, ಉಪ್ಪಿನಕಾಯಿಯ ಭರಣಿಯನ್ನು ಅವನ ಎದುರಿಗಿಟ್ಟು ಒಳಗೆ ಓಡಿದಳು.

ಮಗಳನ್ನು ಕರೆದುಕೊಂಡು ಹೋಗುತ್ತೇನೆ ಅಂತ ಅವನು ಕೇಳಲಿಲ್ಲ. ಕಮಲಕ್ಕನೂ ಹೇಳಲಿಲ್ಲ. ಸಂಜೆ ನಾವಿಬ್ಬರೂ ರಸ್ತೆಗೆ ಬಂದು ನಿಂತೆವು. ಅಲ್ಲಿ ನಾನು ಅವನ ಕೈ ಹಿಡಿದು ಕ್ಷಮೆ ಕೇಳಿದೆ. ಅವನು ಕೈ ಬಿಡಿಸಿಕೊಳ್ಳಲಿಲ್ಲ. ಮೂಡಿಗೆರೆಯ ಬಸ್ಸು ಬಂದಾಗ ಮೆಲ್ಲಗೆ ಹಿಂದೆ ಸರಿದ.

"ನೀವು ಹೋಗಿ ರೈಟ್ರೇ. ನಾನು ನಾಳೆ ಬರ್ತೇನೆ. ಅವಳು ಬೆಳಿಗ್ಗೆ ಶಾಲೆಗೆ ಹೋಗುವುದನ್ನು ಒಮ್ಮೆ ನೋಡ್ತೇನೆ."

ಬಸ್ಸು ಹೊರಟಿತು. ನಾನೊಬ್ಬನೇ ಘಟ್ಟ ಹತ್ತಿದೆ.